ಮೂರು ಸೊನ್ನೆ ಮರೆತ ಮುಂಜಾನೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮಲಪ್ರಭೆಯಿಂದ ಶುರು ಮಾಡಿ ನಾಲ್ಕು ಸಾಲು ಬರೆದೆ, ಅಳಿಸಿದೆ. ಹೊಳೆಗೂ ಇದಕ್ಕೂ ಸಂಬಂಧವಿಲ್ಲ. (ಹೊಳೆ ಇದ್ದರೆ ಕಥೆಗೆ ತೂಕ ಬರುತ್ತದೆ ಎಂದುಕೊಳ್ಳುವುದು ನನ್ನ ಹಳೆಯ ಚಟ.)

೧, ಮತ್ತೊಮ್ಮೆ

ಸೈರನ್‌ನಿಂದಲೇ ಶುರುವಾಗಲಿ. ಮನೋಳಿ ಹತ್ತಿರದ ಒಂದು ಊರು. (ಹೆಸರು ಹೇಳುವುದಿಲ್ಲ, ನಾಳೆ ಫೋನ್ ಬರುತ್ತದೆ.) ಅಲ್ಲಿನ ಹೆಂಗಸರ ಹಾಲಿನ ಡೇರಿ. ಮುಂಜಾನೆ, ಹಾಲು ತಂಪು ಮಾಡುವ ಟ್ಯಾಂಕಿನ ಮೇಲಿದ್ದ ಸೈರನ್ ಒಮ್ಮೆಲೇ ಹೊಡೆದುಕೊಳ್ಳತೊಡಗಿತು. ಹಾಲು ಹಾಕಲು ಬಂದವರೆಲ್ಲ ಕ್ಯಾನ್ ಹಿಡಿದು ಹಿಂದೆ ಸರಿದರು.

"ಹಾಲು ಕೆಟ್ಟಾವೇನ ತಾಯವ್ವಾ?" ಎಂದಳು ಸಿದ್ದಲಿಂಗವ್ವ.

ತಾಯವ್ವ ಡೇರಿಯ ಕಾರ್ಯದರ್ಶಿ. ಅವಳ ಮುಖ ಬಿಳಿಚಿಕೊಂಡಿತು. ಯಾಕೆಂದು ಹೇಳಲೇಬೇಕು, ಇಲ್ಲದಿದ್ದರೆ ನೀವು ಇದನ್ನು ಬರೀ ಟೆಕ್ನಿಕಲ್ ಪ್ರಾಬ್ಲಮ್ ಎಂದುಕೊಳ್ಳುತ್ತೀರಿ. ತಾಯವ್ವ ದಲಿತರ ಕೇರಿಯವಳು. ಅವಳು ಕಾರ್ಯದರ್ಶಿಯಾದ ಮೇಲೆ ಮೇಲಿನ ಓಣಿಯ ಮನೆಗಳು ಹಾಲು ಹಾಕುವುದನ್ನೇ ಬಿಟ್ಟಿದ್ದವು. ಕಾರಣ ಕೇಳಿದರೆ, "ಎಮ್ಮಿ ಹಾಲ ಕೊಡವಲ್ದು." ಒಂದು ಓಣಿಯ ಅಷ್ಟೂ ಎಮ್ಮೆಗಳು ಒಟ್ಟಿಗೆ ಮುಷ್ಕರ ಹೂಡಿದ್ದವು! ಆ ಓಣಿಯಿಂದ ಮೊದಲು ಕ್ಯಾನ್ ತಂದವಳು ಸಿದ್ದಲಿಂಗವ್ವ, ಅದೂ ಇವತ್ತು. ಇವತ್ತೇ ಸೈರನ್.

(ತಾಯವ್ವ ಇಲ್ಲಿ ನನ್ನ ಕಡೆ ತಿರುಗಿದಳು. "ಏನ್ರಿ ಕತಿ ಬರಿಯೋರ, ಇವತ್ತೊಂದಿನಾ ಸುಮ್ನ ಇರಾಕ ಆಗಲಿಲ್ಲೇನ ನಿಮಗ?" ಕಥೆಗೆ ಸ್ವಲ್ಪ ಟೆನ್ಶನ್ ಬೇಕಲ್ಲ ಎಂದೆ. "ಟೆನ್ಶನ್ ನಿಮಗ ಬೇಕ್ರಿ, ಹೋಗೂದು ನನ್ನ ಮರ್ಯಾದಿ.")

೨ (ಬೇಸರ ಬಂದವರು ಹಾರಿಸಬಹುದು, ಆದರೆ ತಪ್ಪು ಆದದ್ದು ಇಲ್ಲೇ)

ಟ್ಯಾಂಕಿಗೆ ಸಣ್ಣ ಕಂಪ್ಯೂಟರೊಂದನ್ನು ಕೂಡಿಸಿದವಳು ತಾಯವ್ವನ ಮಗಳು ಪೂನಮ್, ರಾಮದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವಳು. ಹಾಲು ಐದು ಡಿಗ್ರಿ ದಾಟಿದರೆ ಸೈರನ್ ಕೂಗಬೇಕು ಎಂಬ ಮಿತಿಯನ್ನು ಅವಳು ಆ ಮುಂಜಾನೆಯೇ ಡೇರಿಗೆ ಬಂದು ಕರ್ನಲ್‌ನಲ್ಲಿ ಬರೆದಳು. ಕರ್ನಲ್ ಎಂದರೆ ಕಂಪ್ಯೂಟರಿನ ಒಳಮನೆ, ಕಂಡಕಂಡವರನ್ನು ಬಿಟ್ಟುಕೊಳ್ಳದ ಅಡುಗೆಮನೆ ಇದ್ದ ಹಾಗೆ. ಅಲ್ಲಿ ಒಂದು ಡಿಗ್ರಿಯನ್ನು ಸಾವಿರ ಎಂದು ಎಣಿಸುತ್ತಾರೆ. ಐದು ಡಿಗ್ರಿಗೆ 5000 ಬರೆಯಬೇಕು. ಪೂನಮ್ 5 ಎಂದು ಬರೆದಳು. ಹಾಲು ನಾಲ್ಕು ಡಿಗ್ರಿಯಲ್ಲಿ ತಣ್ಣಗೆ, ಚೆನ್ನಾಗಿಯೇ ಇತ್ತು. ಆದರೆ ಕರ್ನಲ್ ಲೆಕ್ಕದಲ್ಲಿ ಮಿತಿ ಹೆಚ್ಚುಕಡಿಮೆ ಸೊನ್ನೆ. ಹಾಲು ಮಂಜುಗಡ್ಡೆಯಾಗುವ ತನಕ ಅದು ಕೂಗುತ್ತಲೇ ಇರುತ್ತಿತ್ತು.

"ಯವ್ವಾ, ತಪ್ಪು ನಂದು. ಮೂರು ಸೊನ್ನಿ ಬಿಟ್ಟೇನಿ" ಎಂದು ಪೂನಮ್ ಲ್ಯಾಪ್‌ಟಾಪ್ ತೆರೆದು ತಿದ್ದಿದಳು. ಸೈರನ್ ನಿಂತಿತು. ಯಾರೂ ಮುಂದೆ ಬರಲಿಲ್ಲ. ಮಷೀನಿನ ಮಾತು ನಂಬಿದವರು ಅದನ್ನು ಕೂಡಿಸಿದವಳ ಮಾತು ನಂಬಲಿಲ್ಲ. ನನಗೆ ಸಿಟ್ಟು ಬಂತು. (ಲೇಖಕರಿಗೆ ಸಿಟ್ಟು ಬರಬಾರದಂತೆ. ಬಂತು.)

೪

ಮೂರನೆಯ ಭಾಗದಲ್ಲಿ ಒಂದು ಭಾಷಣ ಬರೆದಿದ್ದೆ. ತಾಯವ್ವ ಅದನ್ನು ಹರಿದು ಎಸೆದಳು. ಆಮೇಲೆ ಟ್ಯಾಂಕಿನಿಂದ ಒಂದು ಬೋಗಾಣಿ ಹಾಲು ತೆಗೆದು, ಎಲ್ಲರೆದುರೇ ಗ್ಯಾಸ್ ಒಲೆಯ ಮೇಲಿಟ್ಟಳು. ಕೆಟ್ಟ ಹಾಲು ಕಾಯಿಸಿದರೆ ಒಡೆಯುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ. ಹಾಲು ಉಕ್ಕಿ ಬಂತು, ಒಡೆಯಲಿಲ್ಲ.

"ನೋಡ್ರಿ ಅಕ್ಕಾರ."

"ಹೌದವಾ, ಚಲೋ ಅದಾವ" ಎಂದು ಸಿದ್ದಲಿಂಗವ್ವ ತನ್ನ ಕ್ಯಾನನ್ನು ಟ್ಯಾಂಕಿಗೆ ಸುರಿದಳು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ತಾಯವ್ವ, "ಕಾದ ಹಾಲು ದಂಡ ಮಾಡೂದ್ಯಾಕ?" ಎಂದು ಅದಕ್ಕೇ ಚಹಾಪುಡಿ, ಸಕ್ಕರೆ ಹಾಕಿ, ಮೊದಲ ಕಪ್ಪನ್ನು ಸಿದ್ದಲಿಂಗವ್ವನ ಮುಂದೆ ಹಿಡಿದಳು. ಹಾಲು ಹಾಕುವುದು ಬೇರೆ. ಮೇಲಿನ ಓಣಿಯವರು ಯಾರೂ ಇದುವರೆಗೆ ತಾಯವ್ವನ ಕೈಯ ಚಹಾ ಕುಡಿದವರಲ್ಲ.

ಮುಕ್ತಾಯ ಅ: ಸಿದ್ದಲಿಂಗವ್ವ ಗಟಗಟ ಕುಡಿಯುತ್ತಾಳೆ. ನೀವು ಕಣ್ಣೊರೆಸಿಕೊಳ್ಳುತ್ತೀರಿ, ನನಗೊಂದು ಬಹುಮಾನ.

ಮುಕ್ತಾಯ ಆ: "ನಾ ಚಾ ಬಿಟ್ಟೇನವಾ" ಎಂದು ಹೊರಟುಹೋಗುತ್ತಾಳೆ. (ವಿಮರ್ಶಕರಿಗೆ ಇದು ಹಿಡಿಸುತ್ತದೆ.)

ನಾನು ಮೊದಲನೆಯದನ್ನೇ ಟೈಪ್ ಮಾಡತೊಡಗಿದೆ. ತಾಯವ್ವ ತಿರುಗಿಯೂ ನೋಡಲಿಲ್ಲ.

"ನೀವು ಕುಡಸಬ್ಯಾಡ್ರಿ ಸರ. ನೀವು ಕುಡಿಸಿದ್ರ ಆಕಿ ಕುಡದಂಗ ಅಲ್ಲ."

ಕೀಬೋರ್ಡಿನಿಂದ ಕೈ ತೆಗೆದೆ. ಸಿದ್ದಲಿಂಗವ್ವ ಖಾಲಿ ಕ್ಯಾನ್ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ. ತಾಯವ್ವ ಹಿಡಿದ ಕಪ್ಪು ಹಿಡಿದ ಹಾಗೇ ಇದೆ. ಚಹಾ ಇನ್ನೂ ಬಿಸಿ ಇದೆ.