ಗೀತೆಯೊಳಗಿನ ಕೆಮ್ಮು

ಸರ್ಕಾರಿ ಬ್ಯಾಂಡಿನ ಮೇಷ್ಟ್ರು ಕಿವಿಗೆ ಬಿದ್ದದ್ದನ್ನು ಸೋಸುವವರಲ್ಲ. ಚಿಕ್ಕಂದಿನಲ್ಲಿ ಅವರ ತಾತ ಸಂಜೆಯಾದರೆ ಕಣ್ಣು ಮುಚ್ಚಿ ದೇವರ ಪದ್ಯಗಳನ್ನು ಹೇಳುತ್ತಿದ್ದರು, ಮೊಮ್ಮಗ ಮಂಡಿಗೆ ಗಲ್ಲ ಆನಿಸಿಕೊಂಡು ಕೇಳುತ್ತಿದ್ದ. ನಾಲ್ಕು ಸಂಜೆ ಕಳೆಯುವಷ್ಟರಲ್ಲಿ ಪದ್ಯ ಅವನ ನಾಲಿಗೆಗೂ ಬರುತ್ತಿತ್ತು. ತಾತ ಉಸಿರೆಳೆದುಕೊಂಡ ಕಡೆ ಇವನದೂ ಉಸಿರು, ತಾತ ಸೊಳ್ಳೆ ಹೊಡೆದ ಕಡೆ ಇವನ ತೊಡೆಗೂ ಒಂದು ಏಟು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರೆ ತಾತ ಮಾತ್ರ ನಗುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಹೇಳುವುದು ಭಕ್ತಿ, ಯಾವುದು ಪದ್ಯ ಯಾವುದು ಸೊಳ್ಳೆ ಎಂದು ಆರಿಸಲು ಹೊರಟರೆ ಅದು ಅಹಂಕಾರ ಎನ್ನುತ್ತಿದ್ದರು. ಆ ಮಾತು ಮೊಮ್ಮಗನ ಎದೆಯಲ್ಲಿ ಕೂತುಬಿಟ್ಟಿತು. ತಲೆ ನರೆತರೂ ಎದ್ದು ಹೋಗಲಿಲ್ಲ.

ಬ್ಯಾಂಡಿನ ಕೋಣೆ ಇದ್ದದ್ದು ಸಚಿವಾಲಯದ ಹಿಂದೆ, ಒಂದಾನೊಂದು ಕಾಲದ ಕುದುರೆ ಲಾಯದಲ್ಲಿ. ಗೋಡೆ ಮತ್ತು ಹಲ್ಲಿ ಎರಡನ್ನು ಬಿಟ್ಟರೆ ಅಲ್ಲಿ ಸ್ವಂತದ್ದು ಎನ್ನುವುದು ಏನೂ ಇರಲಿಲ್ಲ. ಟ್ರಂಪೆಟ್ಟು, ಕ್ಲಾರಿನೆಟ್ಟು, ಟ್ರೊಂಬೋನು, ಮದುವೆ ಹಂಡೆಯಷ್ಟು ದೊಡ್ಡ ಡ್ರಮ್ಮು, ಅವನ್ನೆಲ್ಲ ಇಡುವ ಬೀರು, ಬೀರುವಿನ ಬೀಗ, ಎಲ್ಲವೂ ಸಮುದ್ರದಾಚೆಯ ಒಂದು ಸಿರಿವಂತ ದೇಶದ ಕಾಣಿಕೆ. ಸಮವಸ್ತ್ರದ ಗುಂಡಿಗಳ ಮೇಲೂ ಆ ದೇಶದ ಹದ್ದು ರೆಕ್ಕೆ ಬಿಚ್ಚಿ ಕೂತಿತ್ತು. ಸರ್ಕಾರಿ ಭಾಷೆಯಲ್ಲಿ ಆ ದೇಶಕ್ಕೆ ಮಿತ್ರರಾಷ್ಟ್ರ ಎನ್ನುತ್ತಿದ್ದರು. ಊರಿನ ರೊಟ್ಟಿಯ ಗೋಧಿಯೂ ಅಲ್ಲಿಂದಲೇ ಬರುತ್ತಿದ್ದುದರಿಂದ ಜನ ಅದನ್ನು ಸಲುಗೆಯಿಂದ ‘ಮಾವನ ಮನೆ’ ಎಂದು ಕರೆಯುತ್ತಿದ್ದರು. ಕೊಡುತ್ತಾರೆ, ಆದರೆ ಕೊಟ್ಟದ್ದನ್ನು ಮರೆಯಲು ಬಿಡುವುದಿಲ್ಲ ಎಂಬ ಅರ್ಥದಲ್ಲಿ.

ಮಾವನ ಮನೆಯ ಕಡೆಯಿಂದ ಒಬ್ಬ ಸಲಹೆಗಾರ ಊರಲ್ಲೇ ಇದ್ದ. ತೆಳ್ಳಗೆ, ಬೆಳ್ಳಗೆ, ಸದಾ ನಗುಮುಖ. ಆಗಾಗ ಲಾಯಕ್ಕೆ ಬಂದು, ಬಿಳಿ ಕೈಗವಸು ಹಾಕಿಕೊಂಡು, ವಾದ್ಯಗಳ ಬೆನ್ನು ಸವರಿ, ಬೆರಳಿಗೆ ಧೂಳು ಹತ್ತಿತೇ ನೋಡಿಕೊಂಡು ಹೋಗುತ್ತಿದ್ದ. ಹತ್ತಿದರೂ ನಗುತ್ತಿದ್ದ, ಹತ್ತದಿದ್ದರೂ ನಗುತ್ತಿದ್ದ. ಆ ನಗು ಕಂಡರೇ ಮೇಷ್ಟ್ರ ಬೆನ್ನು ಬೆವರುತ್ತಿತ್ತು.

ಹೀಗಿರುವಾಗ ದೇಶದ ಎಣ್ಣೆ ಮುಗಿಯುತ್ತ ಬಂತು. ಬಸ್ಸುಗಳು ಡಿಪೋದಲ್ಲೇ ತೂಕಡಿಸತೊಡಗಿದವು, ದೀಪಗಳು ಸರದಿಯ ಮೇಲೆ ಉರಿಯತೊಡಗಿದವು. ಮಾವನ ಮನೆಯವರು ನೋಡೋಣ ಎಂದರು. ಅವರ ಬದ್ಧವೈರಿಯಾದ ಇನ್ನೊಂದು ಸಿರಿವಂತ ದೇಶ ಒಂದು ಹಡಗು ತುಂಬ ಎಣ್ಣೆ ಕಳಿಸುತ್ತೇವೆ, ಮೊದಲು ನಮ್ಮ ದೊಡ್ಡವರು ಬಂದು ನಿಮ್ಮ ಕೈಕುಲುಕಿ ಹೋಗುತ್ತಾರೆ ಎಂದಿತು. ಸಂಪುಟಕ್ಕೆ ಹೋದ ಜೀವ ಬಂದ ಹಾಗಾಯಿತು. ಆ ದೇಶಕ್ಕೆ ಜನ ಅಂದೇ ‘ಹೊಸ ಬೀಗರು’ ಎಂದು ಹೆಸರಿಟ್ಟರು.

ಸ್ವಾಗತದ ಹೊಣೆ ಬಿದ್ದದ್ದು ಶಿಷ್ಟಾಚಾರ ಇಲಾಖೆಯ ಸಾಹೇಬರ ಮೇಲೆ. ಅಂಗಿಯ ಮಡಿಕೆ ಕೆಡುತ್ತದೆಂದು ಕಾರಿನಲ್ಲೂ ಒರಗದೆ ಕೂರುತ್ತಿದ್ದ ಇವರನ್ನು ಬೆನ್ನ ಹಿಂದೆ ಎಲ್ಲರೂ ಇಸ್ತ್ರಿ ಸಾಹೇಬರು ಎನ್ನುತ್ತಿದ್ದರು. ಅವರು ಲಾಯಕ್ಕೆ ಬಂದು, ಬರುವ ವಾರ ಬೀಗರ ರಾಷ್ಟ್ರಗೀತೆ ವಿಮಾನ ನಿಲ್ದಾಣದಲ್ಲಿ ಮೊಳಗಲೇಬೇಕು ಎಂದರು. ಸ್ವರಲಿಪಿ ಎಲ್ಲಿ ಎಂದು ಮೇಷ್ಟ್ರು ಕೇಳಿದಾಗ, ತರಿಸಲು ಬರೆದಿದ್ದೇವೆ, ಬರುವಷ್ಟರಲ್ಲಿ ಅತಿಥಿಗಳು ಬಂದು ಹೋಗಿರುತ್ತಾರೆ, ನೀವೇ ಹೇಗಾದರೂ ಕಲಿತುಕೊಳ್ಳಿ ಎಂದು ಕೈ ಝಾಡಿಸಿದರು.

ಕೇಳಿ ಕಲಿಯುವುದೆಂದರೆ ಮೇಷ್ಟ್ರಿಗೆ ಹಬ್ಬ. ಹೊಸ ಬೀಗರ ರೇಡಿಯೋ ಕೇಂದ್ರ ಬೆಳಗಿನ ಜಾವ ತೆರೆಯುವಾಗ ಅವರ ಗೀತೆ ಹಾಕುತ್ತದೆಂದು ಅವರಿಗೆ ಗೊತ್ತಿತ್ತು. ದಿನವೂ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕಂಬಳಿ ಹೊದ್ದು, ರೇಡಿಯೋಗೆ ಕಿವಿ ಹಚ್ಚಿ ಕೂತರು. ಹೆಂಡತಿ ಅವರನ್ನು ದಾಟಿಕೊಂಡೇ ಹಾಲು ಕಾಯಿಸಿದಳು. ಒಮ್ಮೆ ಚಮಚ ಪಾತ್ರೆಗೆ ತಾಗಿಸಿ ಸದ್ದು ಮಾಡಿದ್ದಕ್ಕೆ ಮೇಷ್ಟ್ರು ಅವಳತ್ತ ಬೀರಿದ ನೋಟವನ್ನು ಅವಳು ಬಹಳ ಕಾಲ ಹೇಳಿಕೊಂಡು ನಕ್ಕಳು.

ಗೀತೆ ಗಂಭೀರವಾಗಿತ್ತು. ಬೆಟ್ಟ ಹತ್ತಿದ ಹಾಗೆ ಏರಿ, ಮೂರನೆಯ ಸಾಲಿನ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಆ ನಿಲುಗಡೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಸಣ್ಣ, ಮರ್ಯಾದೆಯ ಕೆಮ್ಮು. ಆಮೇಲೆ ಗೀತೆ ಇಳಿಯುತ್ತಿತ್ತು.

ಮೇಷ್ಟ್ರು ಅದನ್ನೂ ಕಲಿತರು, ಬ್ಯಾಂಡಿಗೂ ಕಲಿಸಿದರು. ಮೊದಲ ದಿನವೇ ದೊಡ್ಡ ಡ್ರಮ್ಮಿನವನು ಕೋಲೆತ್ತಿ ತಡೆದ. ಅವನು ಮೇಷ್ಟ್ರ ಹೆಂಡತಿಯ ತಮ್ಮ. ಬೇರೆಲ್ಲೂ ನಿಲ್ಲದೆ ಕೊನೆಗೆ ಅಕ್ಕನ ಒತ್ತಾಯಕ್ಕೆ ಬ್ಯಾಂಡಿಗೆ ಸೇರಿದವನು. ಹೊಟ್ಟೆಯೂ ಡ್ರಮ್ಮೂ ಒಂದೇ ಅಳತೆ.

“ಭಾವ, ಕೆಮ್ಮೂ ಗೀತೆಗೆ ಸೇರಿದ್ದಾ?”

“ದಿನಾ ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಬರ್ತಿದೆ ಕಣೋ. ನೆಗಡಿಯಾದವನ ಕೆಮ್ಮಾದ್ರೆ ಹೀಗೆ ತಾಳಕ್ಕೆ ಸರಿಯಾಗಿ ಬರುತ್ತಾ?”

“ಇಲ್ಲ ಅನ್ನಿ.”

“ಮತ್ತೆ? ದೊಡ್ಡ ದೇಶ. ಏನೋ ಅರ್ಥ ಇಟ್ಟಿರ್ತಾರೆ.”

ಭಾಮೈದ ಒಪ್ಪಿದ. ಕೆಮ್ಮುವ ಕೆಲಸವನ್ನು ಅವನಿಗೇ ವಹಿಸಲಾಯಿತು, ಏಕೆಂದರೆ ಆ ಜಾಗದಲ್ಲಿ ಡ್ರಮ್ಮಿಗೆ ಬಿಡುವಿತ್ತು.

ಎಲ್ಲ ಹದಕ್ಕೆ ಬಂತು ಎನ್ನುವಾಗ ಲಾಯದ ಬಾಗಿಲಲ್ಲಿ ಸಲಹೆಗಾರನ ನಗು ಕಾಣಿಸಿತು. ಬಹಳ ಹೊತ್ತಿನಿಂದ ಕೇಳುತ್ತ ನಿಂತಿದ್ದ. ಒಳಗೆ ಬಂದು ಎಲ್ಲರ ಕೈಕುಲುಕಿದ, ನುಡಿಸಾಣಿಕೆ ಸೊಗಸಾಗಿದೆ ಎಂದು ಮೆಚ್ಚಿದ. ಆಮೇಲೆ, ಮಗುವಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ, ಈ ಹಿತ್ತಾಳೆ ತಮ್ಮ ದೇಶದ್ದು, ಇದರೊಳಗಿಂದ ಆ ಜನರ ಹಾಡು ಹೊರಬಂದರೆ ಮರುದಿನವೇ ಇದೆಲ್ಲ ಹಡಗು ಹತ್ತುತ್ತದೆ ಎಂದ. ಸಮವಸ್ತ್ರವೂ ಅಷ್ಟೇ, ಆ ಗುಂಡಿಗಳು ಅಂಥ ಹಾಡನ್ನು ಕೇಳಿದವಲ್ಲ. ಗೋಧಿಯ ವಿಷಯ ತಾನು ಎತ್ತುವುದಿಲ್ಲ ಎಂದೂ ಹೇಳಿ, ಹಾಗೆ ಹೇಳುವುದರಲ್ಲೇ ಎತ್ತಿ, ನಗುತ್ತ ಹೊರಟುಹೋದ.

ಮೇಷ್ಟ್ರು ಓಡಿದ್ದು ಇಸ್ತ್ರಿ ಸಾಹೇಬರ ಕೋಣೆಗೆ. ಸಾಹೇಬರು ಎಲ್ಲ ಕೇಳಿ, ಮೊದಲ ಬಾರಿಗೆ ಕುರ್ಚಿಗೆ ಒರಗಿದರು. ಅಂಗಿ ಮುದುರಿತು.

“ನೋಡಿ ಮೇಷ್ಟ್ರೇ, ನಮಗೆ ಗೋಧಿನೂ ಬೇಕು, ಎಣ್ಣೆನೂ ಬೇಕು. ಗೀತೆ ಮೊಳಗದಿದ್ರೆ ಬೀಗರು ಮುನಿಸಿಕೊಳ್ತಾರೆ. ವಾದ್ಯದಲ್ಲಿ ಮೊಳಗಿದ್ರೆ ಮಾವನ ಮನೆಯವರು ಮುನಿಸಿಕೊಳ್ತಾರೆ.”

“ನಾನೇನು ಮಾಡ್ಲಿ ಸ್ವಾಮಿ?”

“ಅದು ನನಗೇನು ಗೊತ್ತು? ಎರಡೂ ಕಡೆಯವರು ನಗ್ತಾ ಹೋಗ್ಬೇಕು. ಇಲ್ಲದಿದ್ರೆ ಬ್ಯಾಂಡ್ ಇಟ್ಟುಕೊಂಡು ನಾವೇನು ಮಾಡೋದು? ನಿಮ್ಮೋರನ್ನೆಲ್ಲ ಕಡತದ ಗೋದಾಮಿಗೆ ಧೂಳು ಹೊಡೆಯೋಕೆ ಹಾಕ್ತೀನಿ.”

ಮೇಷ್ಟ್ರು ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತರು. ಬ್ಯಾಂಡು ಅವರಿಗೆ ಬರೀ ಕೆಲಸವಾಗಿರಲಿಲ್ಲ. ಕ್ಲಾರಿನೆಟ್ಟಿನವನ ಉಸಿರು ಎಷ್ಟು ಉದ್ದ, ಟ್ರೊಂಬೋನಿನವನು ಯಾವ ಸ್ವರಕ್ಕೆ ಕಣ್ಣು ಮುಚ್ಚುತ್ತಾನೆ ಎಂಬುದೆಲ್ಲ ಅವರಿಗೆ ಮಕ್ಕಳ ಹಸಿವು ತಾಯಿಗೆ ತಿಳಿದ ಹಾಗೆ ತಿಳಿದಿತ್ತು. ಅವರೆಲ್ಲ ಕಡತಗಳ ನಡುವೆ ಪೊರಕೆ ಹಿಡಿದು ಸೀನುತ್ತಿರುವುದು ಕಣ್ಣಿಗೆ ಕಟ್ಟಿತು. ದೇವರ ಪಟದ ಮುಂದೆ ಕೂತು ತಾತನ ಪದ್ಯ ಒಂದನ್ನು ಮೆಲ್ಲಗೆ ಹೇಳಿಕೊಂಡರು. ತೊಡೆಗೆ ಏಟನ್ನೂ ಕೊಟ್ಟುಕೊಂಡರು. ಮನಸ್ಸು ತಿಳಿಯಾಗಲಿಲ್ಲ.

ಹೆಂಡತಿ ಅತ್ತ ಪಾತ್ರೆ ಉಜ್ಜುತ್ತ ಏನೋ ಗುನುಗುತ್ತಿದ್ದಳು. ಮೇಷ್ಟ್ರ ಕಿವಿ ನೆಟ್ಟಗಾಯಿತು. ಬೀಗರ ಗೀತೆ! ದಿನಾ ಬೆಳಗ್ಗೆ ಹಾಲು ಕಾಯಿಸುತ್ತ ಅವಳಿಗೂ ಬಾಯಿಗೆ ಬಂದುಬಿಟ್ಟಿತ್ತು. ಮೂರನೆಯ ಸಾಲಿನ ತುದಿಯಲ್ಲಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಸಣ್ಣಗೆ ಕೆಮ್ಮಿದಳು ಕೂಡ.

ಗಂಡ ನೋಡುತ್ತಿರುವುದು ಕಂಡು ಏನಾಯಿತೆಂದು ಕೇಳಿದಳು. ಮೇಷ್ಟ್ರು ಇದ್ದದ್ದನ್ನೆಲ್ಲ ತೋಡಿಕೊಂಡರು. ಅವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಎದುರು ಬಂದು ಕೂತಳು.

“ರೀ, ತುತ್ತೂರಿ ಅವರದ್ದು. ಗುಂಡಿ ಅವರದ್ದು. ಬಾಯಿ ಯಾರು ಕೊಟ್ಟಿದ್ದು?”

“ದೇವರು.”

“ಕೊಡುವಾಗ ಏನಾದ್ರೂ ಕರಾರು ಹಾಕಿದ್ನಾ, ಇದು ಹಾಡು, ಅದು ಹಾಡಬೇಡ ಅಂತ?”

ಮೇಷ್ಟ್ರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಭಾಮೈದನ ಮನೆಯ ಕಡೆ ಓಡಿದರು.

ಅಂದಿನಿಂದ ಲಾಯದಲ್ಲಿ ಬಾಯಿ ಅಭ್ಯಾಸ ಶುರುವಾಯಿತು. ಟ್ರಂಪೆಟ್ಟಿನವರು ‘ಪಪ್ಪಾ ಪಾಂ’ ಎಂದರು, ಕ್ಲಾರಿನೆಟ್ಟಿನವನು ಮೂಗಿನಿಂದ ಎಳೆದ, ಭಾಮೈದ ಎದೆಯಾಳದಿಂದ ‘ಢಂ’ ತೆಗೆದ. ಟ್ರೊಂಬೋನಿನವನಿಗೆ ಮಾತ್ರ ಕೈಯನ್ನು ಹಿಂದೆ ಮುಂದೆ ಆಡಿಸದೆ ಸ್ವರ ಹೊರಡುತ್ತಲೇ ಇರಲಿಲ್ಲ. ಅವನು ಪಕ್ಕದವನ ಪಕ್ಕೆಗೆ ತಿವಿದು ತಿವಿದು ಇಬ್ಬರ ನಡುವೆ ಜಗಳವೇ ಆಯಿತು. ಕೊನೆಗೆ ಅವನನ್ನು ಸಾಲಿನ ತುದಿಗೆ, ಗಾಳಿಗೆ ಬೇಕಾದಷ್ಟು ತಿವಿಯಲಿ ಎಂದು ನಿಲ್ಲಿಸಿದರು.

ಆ ದಿನ ಬಂತು. ವಿಮಾನ ನಿಲ್ದಾಣದ ಹುಲ್ಲಿನ ಮೇಲೆ ಬ್ಯಾಂಡು ತಮ್ಮ ತಮ್ಮ ಮನೆಯ ಅಂಗಿಗಳಲ್ಲಿ ನಿಂತಿತ್ತು. ಎಲ್ಲ ಬಿಳಿಯೇ, ಆದರೆ ಒಂದೊಂದು ಮನೆಯ ಬಿಳಿ ಒಂದೊಂದು ಬಗೆ. ಭಾಮೈದನ ಅಂಗಿ ಮದುವೆಗೆ ಹೊಲಿಸಿದ್ದು, ಹೊಟ್ಟೆಯ ಹತ್ತಿರ ಒಂದು ಗುಂಡಿ ಹಾಕಲು ಬರದೆ ಪಿನ್ನು ಚುಚ್ಚಲಾಗಿತ್ತು. ಸ್ವಾಗತಕ್ಕೆ ಬಂದವರ ಹಿಂದಿನ ಸಾಲಿನಲ್ಲಿ ಸಲಹೆಗಾರ ನಗುತ್ತ ನಿಂತಿದ್ದ. ಮುಂದೆ ಇಸ್ತ್ರಿ ಸಾಹೇಬರು ಕಟ್ಟಿಗೆಯ ಹಾಗೆ ನಿಂತಿದ್ದರು.

ಬೀಗರ ದೊಡ್ಡವರು ಮೆಟ್ಟಿಲಿಳಿದರು. ದಪ್ಪ ಹುಬ್ಬಿನ, ನಿದ್ದೆಗೆಟ್ಟ ಮುಖದ ಮುದುಕರು. ಬ್ಯಾಂಡು ಮೊದಲು ತಮ್ಮದೇ ನಾಡಗೀತೆಯನ್ನು ವಾದ್ಯಗಳಲ್ಲೇ ನುಡಿಸಿತು, ಅದಕ್ಕೆ ಮಾವನ ಮನೆಯ ಅಡ್ಡಿಯಿರಲಿಲ್ಲ. ಆಮೇಲೆ ಮೇಷ್ಟ್ರು ಕೈ ಕೆಳಗಿಳಿಸಿದರು. ಎಲ್ಲರೂ ಬಗ್ಗಿ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ವಾದ್ಯಗಳನ್ನು ಹುಲ್ಲಿನ ಮೇಲೆ ಇಟ್ಟು, ಎದ್ದು, ಬಾಯಿ ತೆರೆದರು.

ಸಲಹೆಗಾರನ ನಗು ನಿಂತದ್ದನ್ನು ಊರು ಕಂಡದ್ದು ಅದೇ ಮೊದಲು. ಹಿತ್ತಾಳೆ ಹುಲ್ಲಿನ ಮೇಲೆ ಬಾಯಿ ಮುಚ್ಚಿ ಮಲಗಿತ್ತು, ಹದ್ದಿನ ಗುಂಡಿ ಒಂದೂ ಕಾಣದು. ಯಾವುದನ್ನು ಹಿಡಿದು ಆಕ್ಷೇಪಿಸುವುದು?

ಗೀತೆ ಏರಿತು. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಮೂರನೆಯ ಸಾಲಿನ ತುದಿಗೆ ಬಂದು ಎಲ್ಲ ನಿಂತಿತು. ಆ ಮೌನದಲ್ಲಿ ಭಾಮೈದ ಸ್ಪಷ್ಟವಾಗಿ, ಮರ್ಯಾದೆಯಾಗಿ ಕೆಮ್ಮಿದ. ಪಿನ್ನು ಕಳಚಿ ಎಲ್ಲೋ ಹಾರಿತು.

ಅತಿಥಿಗಳ ದಪ್ಪ ಹುಬ್ಬು ಮೇಲೇರಿತು. ಇಸ್ತ್ರಿ ಸಾಹೇಬರ ಮುಖ ಅವರ ಅಂಗಿಗಿಂತ ಬೆಳ್ಳಗಾಯಿತು. ಮೇಷ್ಟ್ರು ಕಣ್ಣು ತೆರೆದು ಅದನ್ನು ಕಂಡು, ಮುಗಿಯಿತು, ಇನ್ನು ಪೊರಕೆಯೇ ಗತಿ ಎಂದುಕೊಂಡರು. ಆದರೂ ಕೈ ನಿಲ್ಲಿಸಲಿಲ್ಲ. ಕೇಳಿದ್ದನ್ನು ಅರ್ಧಕ್ಕೆ ಬಿಡುವುದು ಅವರಿಗೆ ಗೊತ್ತಿರಲಿಲ್ಲ.

ಗೀತೆ ಮುಗಿದಾಗ ಮುದುಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ನೆಟ್ಟಗೆ ಮೇಷ್ಟ್ರ ಬಳಿ ಬಂದು ಎರಡೂ ಕೈ ಹಿಡಿದುಕೊಂಡರು. ದುಭಾಷಿ ಓಡಿಬಂದು ಹೇಳಿದ್ದು ಇಷ್ಟು: ಅವರ ದೇಶದಲ್ಲಿ ಗೀತೆಯ ಮೊದಲ ಧ್ವನಿಮುದ್ರಣ ಆಗುವಾಗ ಹಾಡುಗಾರರಲ್ಲಿ ಒಬ್ಬ ತಡೆಯಲಾರದೆ ಕೆಮ್ಮಿಬಿಟ್ಟಿದ್ದ. ಇವರೆಲ್ಲ ಶಾಲೆಯಲ್ಲಿ ಆ ಗ್ರಾಮಫೋನ್ ತಟ್ಟೆ ಕೇಳಿಯೇ ಬೆಳೆದವರು, ಆ ಜಾಗದಲ್ಲಿ ಬೇಕೆಂದೇ ಕೆಮ್ಮಿ ಬೆತ್ತದ ಏಟು ತಿಂದವರು. ಈಗ ಆ ಕೆಮ್ಮನ್ನು ತೆಗೆದ ಹೊಸ ಮುದ್ರಣ ಬಂದಿದೆ. ಹೊರದೇಶಗಳಿಗೆ ಬಿತ್ತರಿಸುವ ಅವರ ರೇಡಿಯೋದವರು ಮಾತ್ರ ಇನ್ನೂ ಹಳೆಯದನ್ನೇ ಹಾಕುತ್ತಾರೆ. ಅಷ್ಟು ದೂರ ಬಂದು ತಮ್ಮ ಶಾಲೆಯ ಕೆಮ್ಮನ್ನು ಮತ್ತೆ ಕೇಳುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಎಣ್ಣೆಯ ಹಡಗು ಬಂತು. ಅದರ ಹಿಂದೆಯೇ ಇನ್ನೊಂದು ಪೆಟ್ಟಿಗೆಯೂ ಬಂತು. ಮುದುಕರು ಬ್ಯಾಂಡಿಗೆ ಪ್ರೀತಿಯಿಂದ ಕಳಿಸಿದ ಹೊಸ ವಾದ್ಯಗಳು, ಹೊಸ ಸಮವಸ್ತ್ರ, ಗುಂಡಿಯ ಮೇಲೆ ಕರಡಿ. ಜೊತೆಗೆ ಒಬ್ಬ ಸಲಹೆಗಾರ, ಗುಂಡಗೆ, ಸದಾ ನಗುಮುಖ. ಅವನದು ಒಂದೇ ಒಂದು ಸಣ್ಣ ಕೋರಿಕೆ: ಈ ಹಿತ್ತಾಳೆಯೊಳಗಿಂದ ಆ ಇನ್ನೊಂದು ದೇಶದ ಹಾಡು ಹೊರಬರಬಾರದು. ಲಾಯದಲ್ಲಿ ಈಗ ಎರಡು ಬೀರು, ಎರಡು ಬೀಗ. ಬ್ಯಾಂಡು ಉಳಿಯಿತು. ಮೇಷ್ಟ್ರ ಬೆನ್ನು ಮಾತ್ರ ಎರಡು ಕಡೆಯಿಂದ ಬೆವರತೊಡಗಿತು.

ಆಮೇಲೆ ನಾಡಿನ ಸ್ವಂತ ದಿನ ಬಂತು, ಯಾವ ಅತಿಥಿಯೂ ಇಲ್ಲದ, ತಮ್ಮದೇ ಬಾವುಟ ಏರಿಸುವ ದಿನ. ಹದ್ದಿನ ವಾದ್ಯ ತೆಗೆದರೆ ಕರಡಿ ಮುನಿಯುತ್ತದೆ, ಕರಡಿಯದು ತೆಗೆದರೆ ಹದ್ದು. ಇಸ್ತ್ರಿ ಸಾಹೇಬರು ಎರಡು ಬೀರುಗಳ ನಡುವೆ ಬೆವರುತ್ತ ನಿಂತರು. ಮೇಷ್ಟ್ರು ಬ್ಯಾಂಡನ್ನು ಬರಿಗೈಯಲ್ಲಿ ಮೈದಾನಕ್ಕೆ ಕರೆದುಕೊಂಡು ಹೋದರು. ನಾಡಗೀತೆಯನ್ನು ಬಾಯಲ್ಲೇ ಹಾಡಿದರು. ನೆರೆದ ಜನ ಮೊದಲು ಸುಮ್ಮನೆ ಕೇಳಿ, ಆಮೇಲೆ ತಾವೂ ದನಿಗೂಡಿಸಿದರು. ತುತ್ತೂರಿಯ ಸದ್ದಿದ್ದಾಗ ಯಾರೂ ಹಾಡಿದವರಲ್ಲ.

ಮೂರನೆಯ ಸಾಲಿನ ತುದಿಯಲ್ಲಿ ನಾಡಗೀತೆಗೂ ಒಂದು ನಿಲುಗಡೆಯಿತ್ತು. ಅಭ್ಯಾಸಬಲ, ಭಾಮೈದ ಕೆಮ್ಮಿದ.

ಮೇಷ್ಟ್ರು ಅವನನ್ನು ನುಂಗುವ ಹಾಗೆ ನೋಡಿದರು. ಆದರೆ ಶಾಲೆಯ ಮಕ್ಕಳು ಮುಂದಿನ ಸಾಲಿನಲ್ಲೇ ಇದ್ದರು, ಮತ್ತು ಮಕ್ಕಳು ಕಿವಿಗೆ ಬಿದ್ದದ್ದನ್ನು ಸೋಸುವುದಿಲ್ಲ.

ಈಗ ಬೆಳಗ್ಗೆ ಎದುರು ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆದರೆ ಮೇಷ್ಟ್ರ ಹೆಂಡತಿ ಒಲೆ ಸಣ್ಣ ಮಾಡಿ ಕಿಟಕಿಗೆ ಬರುತ್ತಾಳೆ. ಎಳೆಯ ಗಂಟಲುಗಳು ಏರುತ್ತ ಏರುತ್ತ ಹೋಗಿ ಒಂದು ಕಡೆ ನಿಂತು, ಎಲ್ಲ ಒಟ್ಟಿಗೆ, ಬಹಳ ಮರ್ಯಾದೆಯಿಂದ ಕೆಮ್ಮುತ್ತವೆ. ಉಪಾಧ್ಯಾಯರು ಬೈದು ಬೈದು ಸಾಕಾಗಿ, ಈಗ ತಾವೂ ಕೆಮ್ಮುತ್ತಾರಂತೆ.

“ಕೇಳಿಸ್ತೇನ್ರೀ?” ಎನ್ನುತ್ತಾಳೆ ಅವಳು.

ಮೇಷ್ಟ್ರು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ, ಮಾತಾಡಬೇಡ ಎಂದು ಕೈಸನ್ನೆ ಮಾಡುತ್ತಾರೆ. ಕೇಳುವಾಗ ಅವರಿಗೆ ಚಮಚದ ಸದ್ದೂ ಆಗುವುದಿಲ್ಲ.