ನಡಾವಳಿಯಲ್ಲಿ ಚಹಾ

ಮುಂಬೈಯ ದಾದರಿನಲ್ಲಿ ಲೋಕಲ್ ರೈಲು ಬದಲಿಸುವಾಗಲೂ ಶಿವಕುಮಾರಿ ಮನಸ್ಸಿನಲ್ಲೇ ಮಾತು ತೂಗುತ್ತಿದ್ದಳು. ಸಾಂತಾಕ್ರೂಜ್ ಕಾಲೇಜಿನ ಕನ್ನಡ ಪಠ್ಯಕ್ರಮ ಸಮಿತಿಗೆ ಈಗ ಅವಳೇ ಅಧ್ಯಕ್ಷೆ; ಹೆಣ್ಣೊಬ್ಬಳು ಆ ಕುರ್ಚಿಗೆ ಬಂದದ್ದು ಇದೇ ಮೊದಲು. ಕೃತಕ ಬುದ್ಧಿಮತ್ತೆಯನ್ನು ಪ್ರಾಮಾಣಿಕವಾಗಿ ಬಳಸುವುದು ಹೇಗೆಂದು ಕಲಿಸುವ ಪತ್ರಿಕೆಯೊಂದನ್ನು ಬಿ.ಎ. ಮೊದಲ ವರ್ಷಕ್ಕೆ ಕಡ್ಡಾಯ ಮಾಡಿಸುವುದು ಅವಳ ಆಸೆ. ಇವತ್ತು ಒಪ್ಪಿಗೆ ಸಿಗದಿದ್ದರೆ ಬರುವ ವರ್ಷ ಅದಕ್ಕೆ ಜಾಗವಿಲ್ಲ.

ಇಷ್ಟು ವರ್ಷ ಸಭೆಯ ನಡಾವಳಿ ಬರೆಯುವುದು, ಚಹಾ ಹೇಳುವುದು ಎರಡೂ ಅವಳ ಪಾಲಿಗೇ ಬರುತ್ತಿದ್ದವು. ಇವತ್ತು ಸಭೆ ಶುರುವಾಗುತ್ತಲೇ ಹಿರಿಯ ಅಧ್ಯಾಪಕ ಖಂಡಪ್ಪ ತಮ್ಮ ಮೊಬೈಲನ್ನು ಮೇಜಿನ ನಡುವೆ ಇಟ್ಟರು. "ಆರಾಮ ಕೂಡ್ರಿ ಮೇಡಂ. ಎಲ್ಲಾ ಕೇಳಿಸಿಕೊಂಡು ಇದರಾಗಿನ ಎ.ಐ. ನಡಾವಳಿ ಬರಿತದ."

ರೂಢಿ ಬಿಡಲಿಲ್ಲ. "ಎಲ್ಲಾರಿಗೂ ಚಹಾ ಬಂತೇನ್ರಿ?" ಎಂದು ಕೇಳಿದ ಮೇಲೆಯೇ ಶಿವಕುಮಾರಿ ಪ್ರಸ್ತಾಪ ಮಂಡಿಸಿದಳು. "ಹುಡುಗರು ಹೆಂಗೂ ಬಳಸ್ತಾರ. ಅದು ಹೇಳಿದ್ದು ಖರೇ ಏನು ಅಂತ ನೋಡೋದು, ಬಳಸೀನಿ ಅಂತ ಒಪ್ಪಿಕೊಳ್ಳೋದು, ಇವನ್ನ ಕಲಿಸಬೇಕು."

"ಅದಕ್ಕೊಂದು ಪೇಪರ್ ಯಾಕ್ರಿ?" ಖಂಡಪ್ಪ ನಕ್ಕರು. "ತಪ್ಪು ಮಾಡೋರು ನಾವು ನೀವು. ಮಷಿನ್ ಮಾಡಂಗಿಲ್ಲ. ಬೇಕಂದ್ರ ಈಗಿನ ನಡಾವಳಿ ಓದ್ತೀನಿ, ಕೇಳ್ರಿ."

ಖಂಡಪ್ಪ ಕನ್ನಡಕ ಏರಿಸಿ ಗತ್ತಿನಿಂದ ಓದಿದರು: "ಹೊಸ ಪತ್ರಿಕೆ ಕಡ್ಡಾಯವಾಗಬೇಕೆಂದು ಅಧ್ಯಕ್ಷರಾದ ಖಂಡಪ್ಪ ಅವರು ಪ್ರಸ್ತಾಪಿಸಿದರು. ಚಹಾ ವ್ಯವಸ್ಥೆ: ಶಿವಕುಮಾರಿ..."

ದನಿ ಅಲ್ಲೇ ಕುಂಟಿತು. ಎದುರಿಗಿದ್ದ ಅಧ್ಯಾಪಕಿ ರಹೀಮಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

"ಅಧ್ಯಕ್ಷ ಯಾರು ನಾವು ಹೇಳ್ಲಿಲ್ಲ ನಾ, ಸರ್," ಎಂದಳು ಕಂಪ್ಯೂಟರ್ ವಿಭಾಗದ ಸ್ನೇಹಲ್, ತನ್ನ ಹರಕುಮುರುಕು ಕನ್ನಡದಲ್ಲಿ. "ಅದು ಅಂದಾಜು ಮಾಡಿತು. ಅಧ್ಯಕ್ಷ ಮತಲಬ್ ಗಂಡಸು, ಚಹಾ ಅಂದ್ರೆ ಹೆಂಗಸು!"

ಉಕ್ಕಿದ ನಗುವನ್ನು ನುಂಗಿಕೊಂಡು ಶಿವಕುಮಾರಿ ಪೆನ್ನು ಕೈಗೆತ್ತಿಕೊಂಡಳು. "ನಡಾವಳಿ ಸರಿ ಅದ ಅಂದ್ರ ಪ್ರಸ್ತಾಪ ನಿಮ್ಮದೇ ಆತು, ಸರ್. ತಪ್ಪು ಅದ ಅಂದ್ರ ಈ ಪೇಪರ್ ಬೇಕೇ ಬೇಕು. ಯಾವುದು ಬರಕೊಳ್ಳಲಿ?"

ಖಂಡಪ್ಪ ಮೊಬೈಲನ್ನು ನೋಡಿದರು, ಅವಳನ್ನು ನೋಡಿದರು. "ಹೆಂಗಂದ್ರೂ ಸಿಕ್ಕಿಸಿದ್ರಲ್ರೀ ತಂಗಿ!" ಎಂದು ತಾವೂ ನಕ್ಕುಬಿಟ್ಟರು. "ತಪ್ಪು ಅದ ಅಂತೇ ಬರೀರಿ. ನನ್ನ ಒಪ್ಪಿಗೆ ಅದ."

ಎಲ್ಲರ ಕೈಗಳೂ ಮೇಲೆದ್ದವು. ಶಿವಕುಮಾರಿ ನಡಾವಳಿಯನ್ನು ಹಾಳೆಗೆ ಇಳಿಸಿಕೊಂಡು ಅಧ್ಯಕ್ಷರ ಹೆಸರನ್ನು ತಿದ್ದಿದಳು. ಕೆಳಗೆ, 'ಯಂತ್ರ ಬರೆದದ್ದು, ಮನುಷ್ಯರು ತಿದ್ದಿದ್ದು' ಎಂದು ಸೇರಿಸಿದಳು. ಅಷ್ಟರಲ್ಲಿ ಖಂಡಪ್ಪ ಬಾಗಿಲಿಗೆ ಹೋಗಿ ಕ್ಯಾಂಟೀನಿನ ಕಡೆ ಕೂಗುತ್ತಿದ್ದರು, "ನಾಲ್ಕು ಕಟಿಂಗ್ ಚಹಾ!"

ಕೊನೆಯ ಸಾಲನ್ನು ಅವರೇ ತಿರುಗಿ ಬಂದು ಹೇಳಿ ಬರೆಸಿದರು: 'ಚಹಾ ವ್ಯವಸ್ಥೆ: ಖಂಡಪ್ಪ.'