ಅಂಗಾತ

ಮೈಗೆ ರಕ್ತ ಏರಿಸಿದ ದಿನ ಭರಮಣ್ಣ ಕಾಕಾನ ಕಿವಿಗಳು ಮೊದಲು ಕೆಂಪಾಗುತ್ತಿದ್ದವು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಗಂಟುಕಟ್ಟಿದ ಕಿವಿಗಳವು. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಅವುಗಳ ಅಂಚಿಗೆ ಬಣ್ಣ ಬರುತ್ತಿತ್ತು. ಆಮೇಲೆ ತುಟಿಗೆ, ಆಮೇಲೆ ಮಾತಿಗೆ. "ಲೇ, ಚಾ ತರಸು" ಎಂದನೆಂದರೆ ನಮಗೆಲ್ಲ ನಿರಾಳ.

ಕಾಕಾ ನನ್ನ ತಂದೆಯ ತಮ್ಮ, ನಮ್ಮೂರ ಗರಡಿಮನೆಯ ಉಸ್ತಾದ. ಕ್ಯಾನ್ಸರ್ ಅವನ ಮೈಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸಿತ್ತು. ದೊಡ್ಡಾಸ್ಪತ್ರೆಯಲ್ಲಿ ಒಂದು ಬಾಟಲಿ ರಕ್ತ ಪಡೆಯಬೇಕಾದರೆ ರೋಗಿಯ ಕಡೆಯವರು ಒಂದು ಬಾಟಲಿ ಕೊಡಬೇಕು. ಮಕ್ಕಳಿಲ್ಲದ ಕಾಕಾನಿಗೆ ಅದೇನೂ ಕೊರತೆಯಾಗಲಿಲ್ಲ. ಗರಡಿಯ ಪೈಲ್ವಾನರು ಸರದಿ ಹಚ್ಚಿದರು. ಕೊಡುವ ಮುಂಚೆ ವಾರವಿಡೀ ಬಾದಾಮಿ ಅರೆದು ಹಾಲಿಗೆ ಹಾಕಿ ಕುಡಿಯುತ್ತಿದ್ದರು. ಉಸ್ತಾದರ ಮೈಗೆ ಸಪ್ಪೆ ರಕ್ತ ಹೋಗಬಾರದಂತೆ. ತಾವು ಕೊಟ್ಟದ್ದು ನೆಟ್ಟಗೆ ಅವನ ನರಕ್ಕೇ ಹೋಗುತ್ತದೆಂದು ಅವರು ನಂಬಿದ್ದರು. ಹಾಗಲ್ಲ, ಅದು ಯಾರಿಗೋ ಹೋಗುತ್ತದೆ, ಇವನಿಗೆ ಯಾರದೋ ಬರುತ್ತದೆ ಎಂದು ಬಿಡಿಸಿ ಹೇಳುವ ಮನಸ್ಸು ಯಾರಿಗೂ ಆಗಲಿಲ್ಲ.

ಕಾಕಾನಿಗೆ ಬೇಕಾದದ್ದು ಒಂದೇ, ಕುಳಿತಿರುವುದು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಗಟ್ಟಿಯಾಗಿದ್ದಾಗಲೂ ಅವನು ಶಿಷ್ಯರೆದುರು ಅಂಗಾತ ಮಲಗಿದವನಲ್ಲ. "ಸಾಯೂದು ಸಾಯ್ತೀನಿ, ಅದರಾಗೇನೈತಿ. ಕುಂತ ಸಾಯ್ತೀನಿ" ಎನ್ನುತ್ತಿದ್ದ. ಹಾಗೆ ಕೂರುವ ತ್ರಾಣ ರಕ್ತದಿಂದಲೇ ಬರಬೇಕಿತ್ತು.

ದೊಡ್ಡಾಸ್ಪತ್ರೆಯವರು ಇನ್ನು ಗುಣವಾಗುವ ಮಾತಿಲ್ಲವೆಂದು ಕೈಚೆಲ್ಲುವ ಹೊತ್ತಿಗೆ ಮೂಳೆ ಕೊರೆಯುವ ನೋವು ಶುರುವಾಗಿತ್ತು. ಕೊನೆಗಾಲದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಆರೈಕೆಮನೆಯೊಂದು ಊರಾಚೆ ಇತ್ತು. ಅಲ್ಲಿ ಸೇರಿಸಿದೆವು. ಅಲ್ಲಿನ ಡಾಕ್ಟರು ವತ್ಸಲಾಬಾಯಿ ಮೊದಲ ದಿನವೇ ನೋವು ಇಳಿಸಿದರು. ಬಹಳ ದಿನಗಳ ಮೇಲೆ ಕಾಕಾ ನಿದ್ದೆ ಮಾಡಿದ, ಗೋಡೆಗೆ ಭುಜ ಆನಿಸಿ, ಕುಳಿತೇ. ಆದರೆ ವಾರ ಕಳೆಯುವಷ್ಟರಲ್ಲಿ ಕಿವಿಗಳು ಸುಣ್ಣದ ಬಣ್ಣಕ್ಕೆ ತಿರುಗಿದವು.

"ಒಂದ ಬಾಟ್ಲಿ ಹಚ್ಚರಿ ಬಾಯಾರ," ಎಂದಳು ಕಾಕಿ.

"ನಮ್ಮಲ್ಲೆ ರಕ್ತ ಏರಸಾಕ ಪರವಾನಗಿ ಇಲ್ಲವ್ವ. ಏರಸೂವಾಗ ಚಳಿ ಬಂದ್ರ, ಉಸರ ಹಿಡದ್ರ ನೋಡಾಕ ಸಾಮಾನಿಲ್ಲ. ಅಲ್ಲೇ ಒಯ್ಯಬೇಕು."

ಒಯ್ದೆವು. ದಸ್ತಗೀರ ಎಂಬ ಹಿರಿಯ ಶಿಷ್ಯ ಕಾಕಾನನ್ನು ಎರಡೂ ತೋಳಲ್ಲಿ ಎತ್ತಿ ಗಾಡಿಯಿಂದ ಇಳಿಸಿದ. ಎಲ್ಲಿಂದ ಬಂದಿರಿ ಎಂದು ಕೇಳಿದ ದೊಡ್ಡಾಸ್ಪತ್ರೆಯ ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು.

"ಆರೈಕೆಮನಿ ಸೇರಿದವರಿಗೆ ಇಲ್ಲೆ ರಕ್ತ ಕೊಡಂಗಿಲ್ರಿ. ಅದನ್ನ ಬಿಟ್ಟು ಬಂದ್ರ ಸೇರಿಸ್ಕೋತೀವಿ, ಆದ್ರ ಆ ನೋವಿನ ಔಷಧ ನಮ್ಮಲ್ಲಿಲ್ಲ. ಮತ್ತ ಕೊಟ್ರೂ ಇವರಿಗೆ ನಾಕ ದಿನ ನಿಲ್ಲೂದಿಲ್ಲ. ಬದುಕೋರಿಗೂ ಬೇಕಲ್ಲ."

"ಅದು ನನ್ನ ರಕ್ತ ಐತ್ರಿ ಸಾಹೇಬ್ರ," ಎಂದ ದಸ್ತಗೀರ. "ಉಸ್ತಾದರ ಹೆಸರಿಲೆ ಕೊಟ್ಟೀನಿ. ಒಳಗ ಐತಿ, ತಗದ ಕೊಡ್ರಿ."

"ಕೊಟ್ಟ ಮ್ಯಾಲೆ ಅದು ನಿಂದಲ್ಲಪಾ."

ಡಾಕ್ಟರ ದನಿಯಲ್ಲಿ ಕಟುತನವಿರಲಿಲ್ಲ; ಅದಕ್ಕೇ ಜಗಳ ತೆಗೆಯಲೂ ಆಗಲಿಲ್ಲ. ಒಂದೇ ಊರು. ರಕ್ತ ಇದ್ದಲ್ಲಿ ನೋವಿಗೆ ಔಷಧವಿಲ್ಲ, ಔಷಧ ಇದ್ದಲ್ಲಿ ರಕ್ತವಿಲ್ಲ. ಎರಡನ್ನೂ ಒಬ್ಬ ಮನುಷ್ಯನಿಗೆ ಒಟ್ಟಿಗೆ ಕೊಡಲು ಇಷ್ಟು ಮಂದಿಗೆ ಏನು ಧಾಡಿಯಾಗಿತ್ತೋ, ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕಡೆಗೆ ಕಾಕಾನನ್ನೇ ಕೇಳಿದೆವು. "ನೋವು ತಡಿಯಾಕ ಆಗೂದಿಲ್ಲೋ. ವಾಪಸ್ ನಡೀರಿ" ಎಂದ. ಅವನ ಬಾಯಿಂದ ಅಂಥ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆಮೇಲೆ ಅವನಿಗೆ ಕೂರಲು ಆಗದಾಯಿತು. ದಿಂಬು ಜರುಗುತ್ತಿತ್ತು, ಕುತ್ತಿಗೆ ವಾಲುತ್ತಿತ್ತು. ಶಿಷ್ಯರು ತಾವೇ ಒಂದು ದಾರಿ ಹುಡುಕಿದರು. ಸರದಿಯ ಮೇಲೆ ಒಬ್ಬೊಬ್ಬರು ಮಂಚ ಹತ್ತಿ, ಅವನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಕುಳಿತರು. ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು. ಒಬ್ಬ ಇಳಿಯುವ ಮುಂಚೆ ಇನ್ನೊಬ್ಬ ಭುಜ ಒಡ್ಡಿರುತ್ತಿದ್ದ. ವತ್ಸಲಾಬಾಯಿ ನೋಡಿಯೂ ಬೇಡವೆನ್ನಲಿಲ್ಲ.

ಒಂದು ಬೆಳಗ್ಗೆ ದಸ್ತಗೀರನ ಸರದಿಯಿತ್ತು. ಕಾಕಾ ಕಣ್ಣು ತೆರೆದ.

"ಸಾಕಪಾ. ಮಲಗಸ್ರಿ ನನ್ನ."

"ಮಗ್ಗಲಾಗಿ ಮಲಗಸ್ಲೇನ್ರಿ ಉಸ್ತಾದ?"

"ಇಲ್ಲ. ಅಂಗಾತ. ತಲಿ ತಿರಗತೈತಿ, ಕೂಡಾಕ ಆಗವಲ್ದು."

ಕೋಣೆಯಲ್ಲಿ ಪೈಲ್ವಾನರು ನಾಲ್ವರಿದ್ದರು. ಒಬ್ಬೊಬ್ಬನೂ ಆಳನ್ನು ಎತ್ತಿ ಒಗೆಯುವಂಥವನು. ಒಬ್ಬನ ಕೈಯೂ ಮುಂದೆ ಬರಲಿಲ್ಲ. ದಸ್ತಗೀರ ಕುಳಿತಲ್ಲಿಂದ ಅಲುಗಲಿಲ್ಲ. ತಾನು ಎದ್ದರೆ ಉಸ್ತಾದ ಬೀಳುತ್ತಾರೆ. ಕೊನೆಗೆ ಕಾಕಿ ಬಂದು ಗಂಡನ ಕುತ್ತಿಗೆಯ ಕೆಳಗೆ ಕೈಹಾಕಿದಳು.

"ನೀ ಏಳಪಾ," ಎಂದಳು.

ಅವನು ಎದ್ದ. ಅವಳು ಮೆಲ್ಲಗೆ ಇಳಿಸಿದಳು. ಕಾಕಾನ ಬೆನ್ನು ಹಾಸಿಗೆಗೆ ತಾಗಿತು.

ಪೈಲ್ವಾನರು ನಾಲ್ವರೂ ಗೋಡೆಯ ಕಡೆ ಮುಖ ಮಾಡಿ ನಿಂತರು. ಕಾಕಾನ ಜೀವ ಮಧ್ಯಾಹ್ನದ ತನಕ ಇತ್ತು. ಅಲ್ಲಿಯವರೆಗೂ ಅವರಲ್ಲಿ ಒಬ್ಬರೂ ಇತ್ತ ತಿರುಗಲಿಲ್ಲ.